ಒಂದೆಳೆ ಹುಲ್ಲು

"ನಾನು ಬಂದು ಎದುರಿಗೆ ಕೂರೋಲ್ಲ, ಅಷ್ಟೇ," ಎಂದು ಮಾಸಿಬಿಯಾ ರಂಗದ ಹಿಂದಿನ ಕೋಣೆಯ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಳು. "ಹಗಲು ಹೊತ್ತು ಕಥೆ ಹೇಳಿದೋರ ತಲೇಲಿ ಕೊಂಬು ಮೂಡುತ್ತೆ ಅಂತ ಬಡ್ಕೊಂಡಿದ್ದೆಲ್ಲ ಮರ್ತೋಯ್ತೇನೇ?"

ಮಗಳು ಥೆಂಜಿವೆ ಕನ್ನಡಿಯ ಮುಂದೆ ತಲೆವಸ್ತ್ರ ಕೈಗೆತ್ತಿಕೊಂಡಿದ್ದಳು. "ಅಮ್ಮಾ, ಇದು ಟ್ರೊಮ್ಸೊ. ಬೇಸಿಗೇಲಿ ಎರಡು ತಿಂಗಳು ಸೂರ್ಯ ಮುಳುಗೋದೇ ಇಲ್ಲ. ಕತ್ತಲಾಗ್ಲಿ ಅಂತ ಕಾದಿದ್ರೆ ನನ್ನ ಹೊಟ್ಟೆಗೆ ತಣ್ಣೀರು ಬಟ್ಟೆನೇ ಗತಿ."

"ಅದು ಈ ಊರಿನ ಸೂರ್ಯನ ತಪ್ಪು. ತಲೆ ನಿಂದು."

ಥೆಂಜಿವೆಗೆ ಅಳು ಬಂದಂತಾಯಿತು. ನಾರ್ವೆಗೆ ಬಂದು ಇಪ್ಪತ್ತೆಂಟು ವರ್ಷ. ಶಾಲೆ, ಗ್ರಂಥಾಲಯ, ಮೀನುಗಾರರ ಹಡಗು ಎನ್ನದೆ ಕರೆದಲ್ಲೆಲ್ಲ ಕಥೆ ಹೇಳಿದ್ದಳು, ಎಂಟು ಪುಸ್ತಕ ಬರೆದಿದ್ದಳು. ಇವತ್ತು ಊರಿನ ದೊಡ್ಡ ರಂಗಮಂದಿರ, ಆರುನೂರು ಜನ. ಕಥೆಗಳೆಲ್ಲ ಅಮ್ಮನ ಬಾಯಿಂದಲೇ ಬಂದವು. ಅಮ್ಮ ಮಾತ್ರ ಮಗಳು ಹೇಳುವುದನ್ನು ಒಮ್ಮೆಯೂ ಕೇಳಿರಲಿಲ್ಲ. ಮೊದಲ ಸಾಲಿನ ಆ ಒಂದು ಕುರ್ಚಿಗಾಗಿಯೇ ಅವಳನ್ನು ಜುಲು ನಾಡಿನಿಂದ ಕರೆಸಿಕೊಂಡಿದ್ದಳು.

ಥೆಂಜಿವೆಯ ಕಾರ್ಯಕ್ರಮಗಳ ಮೇಲ್ವಿಚಾರಕಿ ರಾಗ್ನಿಲ್ ಪುಟ್ಟದೊಂದು ಕುಂಡ ಹಿಡಿದು ಒಳಬಂದಳು. "ಐದೇ ನಿಮಿಷ ಇದೆ. ತಗೊಳ್ಳಿ ನಿಮ್ಮ ಗಿಡ. ಹದಿನಾರು ವರ್ಷದಿಂದ ಊರೂರಿಗೆ ಹೊತ್ತು ನನ್ನ ಸೊಂಟ ಬಿತ್ತು. ಒಂದು ದಿನಾನಾದ್ರೂ ಹೂ ಬಿಡ್ತಾ ಇದು?"

ಥೆಂಜಿವೆ ಕುಂಡದಿಂದ ಒಂದೆಳೆ ಹುಲ್ಲು ಕಿತ್ತು ಕೂದಲಿಗೆ ಸಿಕ್ಕಿಸಿಕೊಂಡಳು.

ಮಾಸಿಬಿಯಾ ಎದ್ದು ನಿಂತಳು. "ಹುಲ್ಲು?"

"ಹಗಲಲ್ಲಿ ಹೇಳಲೇಬೇಕಾಗಿ ಬಂದ್ರೆ ತಲೆಗೆ ಹುಲ್ಲು ಸಿಕ್ಕಿಸ್ಕೋ, ಕೊಂಬು ಬರೋಲ್ಲ ಅಂದೋಳೂ ನೀನೇ ಅಲ್ವಾ? ಹಿಮ ಬಿದ್ದಾಗ ಹುಲ್ಲೆಲ್ಲಿ ಸಿಗುತ್ತೆ ಅಂತ ಕುಂಡದಲ್ಲಿ ಬೆಳೆಸ್ಕೊಂಡೆ."

"ಇಷ್ಟು ವರ್ಷಾನೂ?"

"ಒಂದು ದಿನಾನೂ ಬಿಟ್ಟಿಲ್ಲ."

ಮಾಸಿಬಿಯಾ ಹೆಮ್ಮೆಯಿಂದ ಮಗಳ ಹತ್ತಿರ ಬಂದಳು. ಮಗಳ ತಲೆಯ ಹುಲ್ಲನ್ನು ಸರಿಪಡಿಸಿ, ಮೇಲೆ ತಲೆವಸ್ತ್ರವನ್ನು ತಾನೇ ಸುತ್ತಿದಳು. ಆಮೇಲೆ ಇನ್ನೊಂದೆಳೆ ಕಿತ್ತು ತನ್ನ ತಲೆಗೂ ಸಿಕ್ಕಿಸಿಕೊಂಡು, "ಎಲ್ಲಮ್ಮಾ ನನ್ನ ಕುರ್ಚಿ?" ಎಂದು ರಾಗ್ನಿಲ್‌ಳನ್ನು ಕೇಳಿದಳು.

ಪರದೆ ಸರಿಯಿತು. "ಒಂದಾನೊಂದು ಕಾಲದಲ್ಲಿ..." ಎಂದು ಥೆಂಜಿವೆ ನಿಲ್ಲಿಸಿದಳು. ಅವರೂರಲ್ಲಿ ಕೇಳುವವರು ಹೂಂಗುಟ್ಟದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿಯ ಜನ ಸಭ್ಯರು, ಕೈಕಟ್ಟಿ ಸುಮ್ಮನೆ ಕೂತಿದ್ದರು.

ಮೊದಲ ಸಾಲಿನಲ್ಲಿ ಮಾಸಿಬಿಯಾ ಎದ್ದಳು. ಹಿಂದಕ್ಕೆ ತಿರುಗಿ, ಜುಲು ಭಾಷೆಯಲ್ಲೇ ಆರುನೂರು ಜನರನ್ನೂ ಗದರಿದಳು:

"ಹೂಂ ಅನ್ರೋ! ಬಾಯಿ ಬಿದ್ದೋಗಿದ್ಯಾ? ಕಥೆ ಹೇಳ್ತಿರೋಳು ನನ್ನ ಮಗಳು!"