ತಾಂಬೂಲದಲ್ಲಿ ತಲೆಬುರುಡೆ

ಮೈಥಿಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ಜೊತೆ ತಲೆಬುರುಡೆಯ ಚಿತ್ರವಿದ್ದ ಸಿ.ಡಿ.ಯೊಂದನ್ನಿಟ್ಟು, ಬುರುಡೆಯ ಹಣೆಗೂ ಕುಂಕುಮ ಹಚ್ಚಿ ಗೆಳತಿ ನೀರಜಾಳ ಕೈಗಿತ್ತಳು. ೧೯೯೫ರ ಶ್ರಾವಣದ ಮೊದಲ ಶುಕ್ರವಾರ. ಅಮೆರಿಕದ ಅಟ್ಲಾಂಟಾ ಪಕ್ಕದ ಡುಲುತ್‌ನ ಅವಳ ಮನೆಯ ತುಂಬ ರೇಷ್ಮೆ ಸೀರೆಗಳು. ಈ ಸಲ ಯಾರಿಗೂ ಬ್ಲೌಸ್ ಪೀಸ್ ಇಲ್ಲ.

ಅದು ಅವಳ ಮಗ ಚಿರಂತನ್ ಗಿಟಾರ್ ಬಾರಿಸುವ ಹೆವಿ ಮೆಟಲ್ ಬ್ಯಾಂಡಿನ ಮೊದಲ ಆಲ್ಬಂ. ಆಗಸ್ಟ್ ಮುಗಿಯುವುದರೊಳಗೆ ಇಡೀ ಅಮೆರಿಕದ ಮೆಟಲ್ ಚಾರ್ಟಿನಲ್ಲಿ ಹೆಸರು ಬರದಿದ್ದರೆ ಎರಡನೆಯದು ಇಲ್ಲವೆಂದು ಸಿ.ಡಿ. ಹೊರತಂದ ಕಂಪನಿ ಕಡ್ಡಿ ಮುರಿದಂತೆ ಹೇಳಿತ್ತು. ಅಂಗಡಿಯ ಬಿಲ್ಲಿನ ಯಂತ್ರ ಬೀಪ್ ಎಂದರಷ್ಟೇ ಒಂದು ಪ್ರತಿ ಮಾರಿದ ಲೆಕ್ಕ. ಮೈಥಿಲಿ ತಾನೇ ಹೋಗಿ ಹನ್ನೊಂದು ಕೊಂಡಳು. ನೀವೂ ತಾಂಬೂಲಕ್ಕೆ ಇದನ್ನೇ ಕೊಡಿ ಎಂದು ಫೋನಿನ ಮೇಲೆ ಫೋನು ಮಾಡಿದಳು. ಎಲ್ಲರೂ ಒಪ್ಪಿದರು, ಕೊಟ್ಟರು ಕೂಡ. ಪ್ರತಿ ಶುಕ್ರವಾರ ಯಾರ ಮನೆಗೆ ಹೋದರೂ ಬುರುಡೆ! ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಚಾರ್ಟ್ ಬಂತು. ಹೆಸರಿಲ್ಲ. ಡುಲುತ್‌ನಲ್ಲಿ ಮಾರಾಟವಾದದ್ದು ಒಟ್ಟು ಹನ್ನೊಂದು.

"ನೀವು ಕೊಟ್ಟಿದ್ದನ್ನ ನಾನು ಮಧುರಾಗೆ ಕೊಟ್ಟೆ ಕಣ್ರೀ," ಎಂದಳು ನೀರಜಾ. "ಅವಳು ಇನ್ನೊಬ್ರಿಗೆ ಕೊಟ್ಲು. ಬ್ಲೌಸ್ ಪೀಸ್‌ನೂ ನಾವು ಹಂಗೇ ಅಲ್ವಾ ಪಾಸ್ ಮಾಡೋದು?"

ಮೈಥಿಲಿ ಹಣೆ ಚಚ್ಚಿಕೊಂಡಳು. ತಾನೂ ವರ್ಷವಿಡೀ ಮಾಡುತ್ತಿದ್ದುದು ಅದನ್ನೇ. ಮಗನ ಬದುಕಿಗೆ ಕೈಯಾರೆ ಕಲ್ಲು ಹಾಕಿದೆನೆಂದು ಅತ್ತೇಬಿಟ್ಟಳು.

"ಇಟ್ಸ್ ಓಕೆ, ಅಮ್ಮ," ಎಂದ ಚಿರಂತನ್. "ಸ್ಯಾಟರ್ಡೇ ಅಟ್ಲಾಂಟಾದಲ್ಲಿ ಲಾಸ್ಟ್ ಶೋ. ಯು ಕಮ್."

ಶನಿವಾರ ಮಧ್ಯಾಹ್ನ ಕಂಪನಿಯವನು ಮಾರಾಟದ ಅಂಕಿಗಳ ಹಾಳೆ ಹಿಡಿದು ವಿದಾಯ ಹೇಳಲೆಂದೇ ಬಂದಿದ್ದ. ನೋಡಿದರೆ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ತಾಂಬೂಲದ ಸಿ.ಡಿ. ಒಂದೊಂದು ಮನೆಯಲ್ಲಿ ಒಂದೊಂದು ವಾರ ಕೂತಿದ್ದಾಗ ಆ ಮನೆಯ ಮಕ್ಕಳು ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಆ ಕ್ಯಾಸೆಟ್ಟುಗಳು ಶಾಲೆಗಳನ್ನೆಲ್ಲ ಸುತ್ತಿದ್ದವು. ಆರುನೂರು ಹುಡುಗ ಹುಡುಗಿಯರು ಒಂದಕ್ಷರ ಬಿಡದೆ ಬ್ಯಾಂಡಿನ ಜೊತೆ ಅರಚುತ್ತಿದ್ದರು. ಅವರ ನಡುವೆ ನಿಂತ ಮೈಥಿಲಿ ಅಳುತ್ತಲೇ ಕುಣಿಯುತ್ತಿದ್ದಳು.

ಕಂಪನಿಯವನು ಹಾಳೆ ನೋಡಿದ, ಹಾಲ್ ನೋಡಿದ, ಮತ್ತೆ ಹಾಳೆ ನೋಡಿದ. ಡ್ರಮ್ಸ್ ಇನ್ನೂ ಜೋರಾಯಿತು. ಅವನು ಹಾಳೆಯನ್ನು ಎರಡಾಗಿ ಹರಿದು, ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡು, ಎರಡನೇ ಆಲ್ಬಂ ಯಾವಾಗ ಶುರುವೆಂದು ಕೂಗಿ ಕೇಳಿದ.