ಎಲ್ಲರದ್ದೂ ಒಂದೇ ಕಡೆ

“ನಮ್ಮ ಮನೇಲಿ ಯಾರಿಗೆ ಯಾವ ಗುಟ್ಟಿದೆ ಹೇಳಿ? ಚಿಕ್ಕದೇ ಸಾಕು,” ಎಂದು ಗಂಡ ಅಂದಾಗ ಅವಳು ಅಂಗಡಿಯವನಿಗೆ ಚಾಚಿದ್ದ ಕಾಫಿ ಲೋಟವನ್ನು ಮತ್ತೆ ತಟ್ಟೆಗೇ ಇಟ್ಟುಬಿಟ್ಟಳು.

ಊಟದ ಮೇಜಿನ ಮೇಲೆ ಎರಡು ಕಪ್ಪು ಪೆಟ್ಟಿಗೆಗಳು ಕೂತಿದ್ದವು. ಮನೆಯ ಮುಂದಿನ ಕೋಣೆಯೇ ಗಂಡನ ಆಫೀಸು. ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ಹೋದ ವಾರ ಹಾರ್ಡ್ ಡಿಸ್ಕ್ ಅವನ ಕೈಜಾರಿ ಬಿದ್ದು, ಯಾರದೋ ಮೂರು ಮಹಡಿಯ ಮನೆ ಪಾಯ ತೋಡುವ ಮೊದಲೇ ನೆಲಸಮವಾಗಿತ್ತು. ಅದಕ್ಕೇ ಆಫೀಸಿನದು, ಮನೆಯದು ಎಲ್ಲವನ್ನೂ ವೈಫೈ ಮೂಲಕ ತುಂಬಿಡುವ ಸ್ಟೋರೇಜ್ ಪೆಟ್ಟಿಗೆ ಕೊಳ್ಳಲು ಹೊರಟಿದ್ದ. ಅಂಗಡಿಯವನು ಎರಡು ಮಾದರಿಗಳನ್ನು ಮನೆಗೇ ಹೊತ್ತು ತಂದಿದ್ದ.

“ಚಿಕ್ಕದರಲ್ಲಿ ಒಂದೇ ಡಿಸ್ಕ್ ಸಾರ್. ಮನೆಯವರ ಫೋನಲ್ಲಿರೋದೆಲ್ಲ ತಾನಾಗೇ ಬಂದು ಒಂದೇ ಕಡೆ ಕೂರುತ್ತೆ. ಯಾರು ಬೇಕಾದ್ರೂ ಟಿವೀಲಿ ನೋಡ್ಬಹುದು. ದೊಡ್ಡದರಲ್ಲಿ ಎರಡು ಡಿಸ್ಕ್, ಒಂದು ಕೈಕೊಟ್ಟರೆ ಇನ್ನೊಂದು. ಒಬ್ಬೊಬ್ಬರದಕ್ಕೂ ಬೇರೆ ಬೀಗ.”

“ದೊಡ್ಡದು,” ಎಂದಳು ಅವಳು.

“ಯಾಕೆ?”

“ಎರಡು ಡಿಸ್ಕ್ ಇದೆಯಲ್ಲ.”

“ಡಿಸ್ಕ್ ಮೇಲೆ ನಿನಗೆ ಯಾವಾಗಿಂದ ಇಷ್ಟು ಪ್ರೀತಿ?”

ಕಾರಣ ಅವಳ ಫೋನಿನಲ್ಲಿತ್ತು. ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದ ಅತ್ತೆಯ ನಡಿಗೆ, ಫೋನಿನಲ್ಲಿ ಊರಿಗೆಲ್ಲ ಕೇಳುವಂತೆ ಗುಟ್ಟು ಹೇಳುವ ಅವರ ದನಿ, ಬಾಡಿದ ಸೊಪ್ಪನ್ನೂ ಅದನ್ನು ತಂದ ಮಗನನ್ನೂ ಒಟ್ಟಿಗೆ ನೋಡುವ ನೋಟ, ಎಲ್ಲವನ್ನೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಭಿನಯಿಸಿ, ವಿಡಿಯೋ ಮಾಡಿ ತಂಗಿಗೆ ಕಳಿಸುತ್ತಿದ್ದಳು. ಅತ್ತೆಯ ಮೇಲೆ ಸಿಟ್ಟೇನಿರಲಿಲ್ಲ. ದಿನಕ್ಕೊಮ್ಮೆ ಹಾಗೆ ನಗದಿದ್ದರೆ ಪಾತ್ರೆ ತೊಳೆದು ಮುಗಿಯುತ್ತಿರಲಿಲ್ಲ, ಅಷ್ಟೇ. ಆದರೆ ಅದು ಟಿವಿಯಲ್ಲಿ ಬಂದರೆ, ಆಮೇಲೆ ಈ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

“ಒಂದ್ಸಲ ಹಾಕಿ ತೋರಿಸ್ತೀನಿ ಮೇಡಂ,” ಎಂದು ಅಂಗಡಿಯವನು ಚಿಕ್ಕದಕ್ಕೆ ವೈರು ಚುಚ್ಚಿದ. “ಯಾರದಾದ್ರೂ ಫೋನ್ ಕೊಡಿ.”

ಗಂಡ ಮೇಜಿನ ಮೇಲಿದ್ದ ಅವಳ ಫೋನನ್ನೇ ತೆರೆದು ಕೊಟ್ಟುಬಿಟ್ಟ. ಟಿವಿಯ ಮೇಲೆ ಚೌಕ ಚೌಕವಾಗಿ ಚಿತ್ರಗಳು ಮೂಡತೊಡಗಿದವು. ಸೋರುವ ನಲ್ಲಿ. ಮಗಳ ಹೋಂವರ್ಕು. ಮತ್ತೆ ಸೋರುವ ನಲ್ಲಿ. ಆಮೇಲೆ ಅತ್ತೆಯ ಹಳೇ ಕನ್ನಡಕವನ್ನು ಮೂಗಿನ ತುದಿಗಿಟ್ಟುಕೊಂಡ ಒಂದು ಮುಖ ಅರ್ಧ ಮೂಡಿತು.

ಅವಳು ಟಿವಿಯ ಪ್ಲಗ್ಗನ್ನೇ ಕಿತ್ತಳು. “ಇಸ್ತ್ರಿಪೆಟ್ಟಿಗೆ ಹಾಕ್ಬೇಕಿತ್ತು.”

“ಈಗಲೇನಾ?”

“ನಿಮ್ಮ ಅಂಗಿನೇ ರೀ. ಸಂಜೆ ಕೆಲಸ ಕೊಡೋರ ಮುಂದೆ ಮುದುಡಿದ್ದನ್ನ ಹಾಕ್ಕೊಂಡು ನಿಲ್ತೀರಾ?”

ಅತ್ತೆ ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟರು. “ಲೋ, ದೊಡ್ಡದನ್ನೇ ತಗೋ.”

“ಅಮ್ಮ, ಇದರಲ್ಲಿ ನಿನಗೇನು ಗೊತ್ತು?”

“ಇದು ಗೊತ್ತಿಲ್ಲ, ನೀನು ಗೊತ್ತು. ಒಂದನ್ನಂತೂ ಕೆಡಿಸ್ತೀಯ. ಇನ್ನೊಂದಾದ್ರೂ ಉಳೀಲಿ.”

ಅಂಗಡಿಯವನು ನಗು ನುಂಗಿಕೊಂಡ. ಗಂಡ ದೊಡ್ಡ ಪೆಟ್ಟಿಗೆಯನ್ನು ಎತ್ತಿಕೊಂಡು ಅವನ ಜೊತೆ ಮುಂದಿನ ಕೋಣೆಗೆ ಹೋದ. ಅವಳಿಗೆ ಹೋದ ಜೀವ ಬಂದಂತಾಯಿತು. ಆಡಿದ ಮಾತು ಉಳಿಸಿಕೊಳ್ಳಲು ಅಂಗಿ ಹರಡಿ ಇಸ್ತ್ರಿಗೆ ನಿಂತಳು.

“ನೀವು ಹೇಳಿದ್ದು ಒಳ್ಳೇದಾಯ್ತು ಅತ್ತೆ. ಬೀಗ ಇರೋದೇ ಸರಿ.”

“ಮತ್ತಿನ್ನೇನಮ್ಮ. ನಿನ್ನ ತಂಗಿ ಮನೇಲಿ ಚಿಕ್ಕದನ್ನ ತಂದು ಕೂರಿಸಿದ್ದಾರೆ. ನೀನು ಕಳಿಸೋದೆಲ್ಲ ಅವಳ ಅತ್ತೆ ಟಿವೀಲಿ ನೋಡ್ತಾರೆ. ಚೆನ್ನಾಗಿರೋದನ್ನ ಆರಿಸಿ ನನಗೂ ಕಳಿಸ್ತಾರೆ.”

ಇಸ್ತ್ರಿಪೆಟ್ಟಿಗೆ ಗಂಡನ ಅಂಗಿಯ ಬೆನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ಅತ್ತೆಯೇ ಎದ್ದು ಬಂದು ಅದನ್ನೆತ್ತಿ ಪಕ್ಕಕ್ಕಿಟ್ಟರು.

“ನಡಿಗೆ ಪರವಾಗಿಲ್ಲ. ಆದ್ರೆ ನಾನು ಕೆಮ್ಮೋದು ಹಾಗಲ್ಲ,” ಎಂದು, ಮುಂದಿನ ಕೋಣೆಗೆ ಕೇಳದ ಹಾಗೆ ಕೆಮ್ಮಿ ತೋರಿಸಿದರು: ಮೊದಲು ಗಂಟಲಲ್ಲೇ ಒಂದು, ಆಮೇಲೆ ಸೊಸೆಯನ್ನು ಓರೆಗಣ್ಣಿಂದ ನೋಡಿ ಇನ್ನೊಂದು.