ಉಳಿಯೋಣ ಎಂದವರ ಊರು

ದೇಶವು ನೆರೆಯ ರಾಷ್ಟ್ರಗಳ ವ್ಯಾಪಾರ ಒಕ್ಕೂಟವನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು. ಗಡಿಯಾಚೆ ಮೀನು ಹೋಗುವುದು ನಿಂತು, ವಾರಿಜ ಕೆಲಸಕ್ಕಿದ್ದ ಮೀನಿನ ಕಾರ್ಖಾನೆ ಬಾಗಿಲು ಹಾಕಿತ್ತು. ಈಗ ಅವಳು ಪತ್ರಿಕೆಯೊಂದರ ಪರವಾಗಿ ಮನೆಮನೆ ತಿರುಗಿ ಜನಾಭಿಪ್ರಾಯ ಕೇಳುತ್ತಿದ್ದಳು: ಒಕ್ಕೂಟದ ಕುರಿತ ಅಂದಿನ ಮತದಾನದಲ್ಲಿ ನೀವು ಉಳಿಯೋಣ ಎಂದಿರೋ, ಬಿಡೋಣ ಎಂದಿರೋ?

ನೂರಕ್ಕೆ ಎಂಬತ್ತು ಮಂದಿ ಬಿಡೋಣ ಎಂದಿದ್ದ ಊರು ಅದು. ಬೆಳಗಿನಿಂದ ಒಬ್ಬರೂ ಒಪ್ಪಿಕೊಂಡಿರಲಿಲ್ಲ. ಬಿಡೋಣ ಗೆದ್ದ ದಿನ ಬೀದಿಗೆಲ್ಲ ಸಿಹಿ ಹಂಚಿದ್ದ ಬೇಕರಿಯವನೂ, "ಬಿಡೋದು ಬೇಡ ಅಂತ ನಾನು ಆಗ್ಲೇ ಅಂದಿದ್ದೆ" ಎಂದು ಮುಖ ತಿರುಗಿಸಿದ. ವಾರಿಜಳಿಗೆ ಹೇಸಿಗೆಯಾಯಿತು. ಅವಳೂ ಬಿಡೋಣ ಎಂದೇ ಮತ ಹಾಕಿದ್ದಳು. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ.

ಕೊನೆಗೆ ಅದೇ ಊರಿನವರಾದ ಮಂತ್ರಿಗಳ ಮನೆಗೆ ಬಂದಳು. ಮತದಾನಕ್ಕೆ ಮುಂಚೆ ಕಾರ್ಖಾನೆಯ ಗೇಟಿನಲ್ಲಿ ನಿಂತು, "ಒಕ್ಕೂಟ ನಮ್ಮ ಕುತ್ತಿಗೆಗೆ ಬಿದ್ದ ಹಗ್ಗ" ಎಂದು ಗಂಟಲು ಹರಿಯುವಂತೆ ಕೂಗಿ ಅವಳ ಮನಸ್ಸು ತಿರುಗಿಸಿದ್ದವರು ಇವರೇ. ಆ ಕೂಗಿನಿಂದಲೇ ಮಂತ್ರಿಯೂ ಆದವರು. ಇವರಂತೂ ಸುಳ್ಳು ಹೇಳಲಾರರು.

"ಬಿಡೋಣ ಅಂತ ಬರ್ಕೊಳ್ಲಾ ಸಾರ್?"

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಮಂತ್ರಿಗಳು ಅತ್ತಿತ್ತ ನೋಡಿದರು. "ಹೆಸರು ಹಾಕಲ್ಲ ತಾನೇ?"

"ಇಲ್ಲ ಸಾರ್."

"ಹಾಗಾದ್ರೆ ಉಳಿಯೋಣ ಅಂತ ಬರ್ಕೋ."

ವಾರಿಜಳ ಪೆನ್ನು ನಿಂತಿತು. "ನೀವೂ ಸುಳ್ಳು ಹೇಳ್ತೀರಾ ಸಾರ್?"

"ಸುಳ್ಳಲ್ಲಮ್ಮ, ಹಾಕಿದ್ದೇ ಹಾಗೆ. ನನ್ನ ಭಾಷಣ ಕೇಳಿ ನೀವೆಲ್ಲ ನಿಜವಾಗ್ಲೂ ಹೋಗಿ ಬಿಡೋಣಕ್ಕೇ ವೋಟು ಒತ್ತಿಬಿಡ್ತೀರಿ ಅಂತ ನಾನೇನು ಕನಸು ಕಂಡಿದ್ನಾ?"